ಹಾಸಿಗೆಯಿಂದ ಗೇಟಿನವರೆಗೆ: ಓಟ ತಪ್ಪದಂತೆ ನೋಡಿಕೊಳ್ಳುವ ಬಗೆ

"ಓಡಬೇಕೆಂದು ಆಸೆ ಉಂಟು, ಆದರೆ ಬೆಳಿಗ್ಗೆ ಏಳುವಾಗ ಉದಾಸೀನ ಆಗ್ತದೆ. ಏನು ಮಾಡುವುದು?" ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದು ಇದನ್ನೇ. ಘಟ್ಟದ ಮೇಲಿನವರಿಗೆ ಉದಾಸೀನ ಎಂದರೆ ತಾತ್ಸಾರ. ನಮ್ಮ ಕಾಸರಗೋಡಿನ ಕಡೆ ಅದು ಮೈಯೂ ಮನಸ್ಸೂ ಒಟ್ಟಿಗೆ ಹೂಡುವ ಮುಷ್ಕರ. ಈ ಲೇಖನ ಆ ಮುಷ್ಕರದ ಬಗ್ಗೆ.

ಓಟ ತಪ್ಪುವ ಜಾಗ ಹೆಚ್ಚಾಗಿ ಮನೆಯೊಳಗೇ ಇರುತ್ತದೆ: ಹಾಸಿಗೆ, ಚಾವಡಿ, ಅಂಗಳ. ಗೇಟು ದಾಟಿದವರು ಸಾಮಾನ್ಯವಾಗಿ ಸ್ವಲ್ಪವಾದರೂ ಓಡಿಯೇ ಹಿಂತಿರುಗುತ್ತಾರೆ. ಹಾಗಾಗಿ ಬೆಳಗಿನ ಐದೂವರೆಗೆ ಮನಸ್ಸಿನೊಡನೆ ಜಗಳಕ್ಕೆ ಇಳಿಯಬೇಡಿ, ಆ ಹೊತ್ತಿನಲ್ಲಿ ಗೆಲ್ಲುವುದು ಅದೇ. ತೀರ್ಮಾನಗಳನ್ನೆಲ್ಲ ಹಿಂದಿನ ರಾತ್ರಿಯೇ ಮುಗಿಸಿದರೆ ಬೆಳಿಗ್ಗೆ ಅದಕ್ಕೆ ವಾದ ಮಾಡಲು ವಿಷಯವೇ ಇರುವುದಿಲ್ಲ. ಕೆಳಗಿನ ಹಂತಗಳೆಲ್ಲ ಇದೊಂದು ಲೆಕ್ಕಾಚಾರದ ಮೇಲೆ ನಿಂತಿವೆ.

ಮೊದಲು ಒಂದು ಎಚ್ಚರಿಕೆ. ಎದೆನೋವು, ಚಡವು (ಏರುದಾರಿ) ಹತ್ತುವಾಗ ಅತಿಯಾದ ಏದುಸಿರು, ತಲೆಸುತ್ತಿ ಬಿದ್ದದ್ದು, ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳಿಯೇ ಆರಂಭಿಸಿ. ಇದನ್ನು ಉದಾಸೀನದ ಲೆಕ್ಕಕ್ಕೆ ಸೇರಿಸಬಾರದು.

ಬೇಕಾಗುವ ಸಾಮಾನು

ಓಟಕ್ಕೆಂದೇ ಮಾಡಿದ ಒಂದು ಜೊತೆ ಶೂ. ಸಂಜೆ ಹೊತ್ತು ಕೊಂಡುಕೊಳ್ಳಿ, ಏಕೆಂದರೆ ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಎರಡು ಜೊತೆ ಸಾಕ್ಸ್, ಹತ್ತಿಯದ್ದಲ್ಲ, ಬೇಗ ಒಣಗುವ ಬಟ್ಟೆಯದ್ದು. ಕತ್ತಲೆಯಲ್ಲಿ ಹೋಗುವವರಿಗೆ ಸಣ್ಣ ಟಾರ್ಚು ಮತ್ತು ತಿಳಿ ಬಣ್ಣದ ಅಂಗಿ. ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು. ಸ್ಮಾರ್ಟ್ ವಾಚು ಇದ್ದರೆ ಇರಲಿ, ಇಲ್ಲದಿದ್ದರೆ ಅದು ಬರುವವರೆಗೆ ಕಾಯುವುದೂ ಉದಾಸೀನದ್ದೇ ಒಂದು ವೇಷ.

ಹಂತ 1: ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು ಬರೆದಿಡಿ

ಒಂದು ವಾರ ಏನನ್ನೂ ಬದಲಾಯಿಸಬೇಡಿ. ಓಟ ತಪ್ಪಿದ ದಿನ ಯಾವ ಕ್ಷಣದಲ್ಲಿ ತಪ್ಪಿತೆಂದು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಎರಡು ಪದ ಬರೆಯಿರಿ. "ಅಲಾರಂ ನಿಲ್ಲಿಸಿದೆ", "ಮೊಬೈಲ್ ಹಿಡಿದೆ", "ಸಾಕ್ಸ್ ಒದ್ದೆ", "ಮಳೆ", "ಸಂಜೆ ಬಚ್ಚಿತ್ತು" (ದಣಿವಾಗಿತ್ತು). ಏಳು ದಿನ ಕಳೆದಾಗ ಒಂದೇ ಕಾರಣ ಮೂರು ನಾಲ್ಕು ಸಲ ಕಾಣಿಸಿಕೊಂಡಿರುತ್ತದೆ. ಮೊದಲು ಅದನ್ನು ಮಾತ್ರ ಸರಿಪಡಿಸಿ.

"ನನಗೆ ಮನೋಬಲ ಇಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. ಒದ್ದೆ ಸಾಕ್ಸಿಗೆ ಮದ್ದುಂಟು, ಮನೋಬಲ ಅಂಗಡಿಯಲ್ಲಿ ಸಿಗುವುದಿಲ್ಲ.

ಹಂತ 2: ಕನಿಷ್ಠ ಅಳತೆ ಗೊತ್ತು ಮಾಡಿ

ಕನಿಷ್ಠ ಅಳತೆ ಎಂದರೆ ಅತಿ ಕೆಟ್ಟ ದಿನವೂ ಮಾಡಬಲ್ಲಷ್ಟು. ಶೂ ಹಾಕಿ, ಗೇಟು ದಾಟಿ, 5 ನಿಮಿಷ ನಡೆದು, 5 ನಿಮಿಷ ನಿಧಾನ ಓಡಿ (ಆರಂಭದ ವಾರಗಳಲ್ಲಿ ನಡುನಡುವೆ ನಡೆದು) ವಾಪಸ್. ಒಟ್ಟು 10 ನಿಮಿಷ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಉದಾಹರಣೆಗೆ ಸೋಮ, ಬುಧ, ಶುಕ್ರ. ನೀವು ತಪ್ಪಿಸಬಾರದ್ದು ಇಷ್ಟನ್ನೇ. ಅದಕ್ಕಿಂತ ಹೆಚ್ಚು ಓಡಿದ್ದು ಮೇಲಿನ ಲಾಭ.

ಇಲ್ಲಿ ಹೆಚ್ಚಿನವರು ಜಾರಿ ಬೀಳುತ್ತಾರೆ. ಹುರುಪಿನ ದಿನ ಕುಳಿತು "ಕನಿಷ್ಠ 3 ಕಿಲೋಮೀಟರ್" ಎಂದು ಬರೆಯುತ್ತಾರೆ. ಮದ್ದು ಬಿಡುವ ದಿನ, ಅಂದರೆ ಕೊಳೆರೋಗ ಬಾರದಂತೆ ಅಡಿಕೆಗೆ ಬೋರ್ಡೋ ಸಿಂಪಡಿಸುವ ದಿನ, ಕೊಡಪಾನ ಎತ್ತಿ ಬೆನ್ನು ಬಿದ್ದುಹೋಗಿರುವಾಗ ಆ 3 ಕಿಲೋಮೀಟರ್ ಬೆಟ್ಟದಂತೆ ಕಾಣುತ್ತದೆ. ಒಮ್ಮೆ ತಪ್ಪಿದಾಗ ನಿಯಮವೇ ಸುಳ್ಳಾದಂತೆನಿಸಿ ಇಡೀ ವಾರ ಹೋಗುತ್ತದೆ. ಕನಿಷ್ಠ ಅಳತೆ ನೋಡಿ ನಿಮಗೇ ನಗು ಬಂದರೆ ಅದು ಸರಿಯಾದ ಅಳತೆ.

ಹಂತ 3: "ಹೀಗಾದರೆ ಹೀಗೆ" ಎಂಬ ಪಟ್ಟಿ

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಒಂದು ಸರಳ ಸಂಗತಿಯನ್ನು ಎತ್ತಿ ತೋರಿಸಿದರು. "ಮಾಡಬೇಕು" ಎಂದು ಬರಿದೇ ಅಂದುಕೊಂಡವರಿಗಿಂತ "ಇಂಥ ಹೊತ್ತು, ಇಂಥ ಜಾಗದಲ್ಲಿ, ಹೀಗಾದಾಗ ಇದನ್ನು ಮಾಡುತ್ತೇನೆ" ಎಂದು ಮೊದಲೇ ಗೊತ್ತುಮಾಡಿಕೊಂಡವರು ಆ ಕೆಲಸವನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಹೊತ್ತು ಬಂದಾಗ ಯೋಚಿಸಬೇಕಾದ ಕೆಲಸ ಉಳಿದಿರುವುದಿಲ್ಲ, ಅಷ್ಟೇ ಕಾರಣ.

ಗಡಿಯಾರಕ್ಕಿಂತ ಗಟ್ಟಿಯಾದ ಕೊಕ್ಕೆ ಎಂದರೆ ದಿನವೂ ತಪ್ಪದೆ ನಡೆಯುವ ಇನ್ನೊಂದು ಕೆಲಸ. "ಹಟ್ಟಿಯ (ದನದ ಕೊಟ್ಟಿಗೆಯ) ಕೆಲಸ ಮುಗಿಸಿ ಕೈತೊಳೆದ ಕೂಡಲೇ", "ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿದ ಕೂಡಲೇ", "ಕಟ್ಟನ್ ಚಾ ಕುಡಿದು ಲೋಟ ಇಟ್ಟ ಕೂಡಲೇ". ಓಟವನ್ನು ಅದರ ಬಾಲಕ್ಕೆ ಕಟ್ಟಿ.

ನಂತರ ನಮ್ಮ ಊರಿನ ವಿಘ್ನಗಳಿಗೆ ಒಂದೊಂದು ಸಾಲು ಬರೆದಿಟ್ಟುಕೊಳ್ಳಿ. ಮಾದರಿ ಹೀಗೆ:

ರಾತ್ರಿ ಯಕ್ಷಗಾನಕ್ಕೋ ಕೋಲಕ್ಕೋ ಹೋಗಿ ಬೆಳಗಾಯಿತು: ಬೆಳಿಗ್ಗೆ ಮಲಗುತ್ತೇನೆ, ಸಂಜೆ 5:30ಕ್ಕೆ ಕನಿಷ್ಠ ಅಳತೆ.
ಗಾಳಿಮಳೆ, ಗುಡುಗು: ಹೊರಗೆ ಹೋಗುವುದಿಲ್ಲ, ಚಾವಡಿಯಲ್ಲಿ 10 ನಿಮಿಷ ನಿಂತಲ್ಲೇ ಓಟ.
ನೆಂಟರು ಬಂದರು: ಅವರು ಏಳುವ ಮೊದಲು ಕನಿಷ್ಠ ಅಳತೆ.
ತೋಟದಲ್ಲಿ ಇಡೀ ದಿನ ಭಾರದ ಕೆಲಸ: ಅಂದು ಬಿಡುವು, ಮರುದಿನ ಓಟ.
ಉಪವಾಸದ ತಿಂಗಳು: ಉಪವಾಸ ಬಿಟ್ಟು ನೀರು ಕುಡಿದು ಒಂದೂವರೆ ಎರಡು ಗಂಟೆಯಾದ ಮೇಲೆ ಕನಿಷ್ಠ ಅಳತೆ.

ಐದಾರು ಸಾಲು ಸಾಕು. ಇಪ್ಪತ್ತು ಸಾಲು ಬರೆಯುವವರು ಪಟ್ಟಿ ಬರೆಯುವುದರಲ್ಲೇ ತೃಪ್ತರಾಗುತ್ತಾರೆ.

ಹಂತ 4: ರಾತ್ರಿಯ ಐದು ನಿಮಿಷ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸಲು ಮನಸ್ಸಿದ್ದರೆ ಇದನ್ನು ಪಾಲಿಸಿ.

ನಿದ್ದೆಯಿಂದ ಎದ್ದ ಮೇಲೆ ಮಿದುಳು ಪೂರ್ತಿ ಎಚ್ಚರವಾಗಲು ಸಾಮಾನ್ಯವಾಗಿ 15ರಿಂದ 30 ನಿಮಿಷ ಹಿಡಿಯುತ್ತದೆ. ಇದಕ್ಕೆ ನಿದ್ರಾ ಜಡತೆ ಎನ್ನುತ್ತಾರೆ, ಅಂದರೆ ಕಣ್ಣು ಬಿಟ್ಟಿದ್ದರೂ ವಿವೇಚನೆ ಇನ್ನೂ ಮಲಗಿರುವ ಹೊತ್ತು. "ಇವತ್ತು ಬೇಡ, ನಾಳೆ ಡಬಲ್ ಓಡುವ" ಎಂಬ ತೀರ್ಪು ಬರುವುದು ಈ ಹೊತ್ತಿನಲ್ಲಿ. ನಿದ್ದೆಗಣ್ಣಿನ ನ್ಯಾಯಾಧೀಶರ ಮುಂದೆ ಕೇಸು ಹೋಗದಂತೆ ರಾತ್ರಿಯೇ ಏರ್ಪಾಟು ಮಾಡಿ.

ಬಟ್ಟೆಯನ್ನು ಹಾಕುವ ಕ್ರಮದಲ್ಲೇ ಕುರ್ಚಿಯ ಮೇಲಿಡಿ: ಕೆಳಗೆ ಅಂಗಿ, ಅದರ ಮೇಲೆ ಚಡ್ಡಿ ಅಥವಾ ಪ್ಯಾಂಟು, ಎಲ್ಲಕ್ಕಿಂತ ಮೇಲೆ ಒಳಬಟ್ಟೆ. ಸಾಕ್ಸನ್ನು ಶೂವಿನೊಳಗೆ ತುರುಕಿ, ಲೇಸು ಸಡಿಲಿಸಿ, ಬಾಗಿಲ ಹತ್ತಿರ ಇಡಿ. ಬಾಗಿಲಿನ, ಗೇಟಿನ ಬೀಗದ ಕೈ ಅಲ್ಲೇ ಇರಲಿ. ಕತ್ತಲೆಯಲ್ಲಿ ಕೀ ಹುಡುಕುವ ಎರಡು ನಿಮಿಷದಲ್ಲಿ ಎಷ್ಟೋ ಓಟಗಳು ಮುಗಿದಿವೆ. ಒಂದು ಲೋಟ ನೀರು ಮುಚ್ಚಿಡಿ. ಮೊಬೈಲನ್ನು ಅಲಾರಂ ಸಹಿತ ಚಾವಡಿಯಲ್ಲಿ, ಶೂವಿನ ಪಕ್ಕದಲ್ಲಿ ಚಾರ್ಜಿಗೆ ಹಾಕಿ. ಅಲಾರಂ ನಿಲ್ಲಿಸಲು ಎದ್ದು ಬಂದವರ ಕಾಲಿನ ಬುಡದಲ್ಲೇ ಶೂ ಇರಬೇಕು. ಕೊನೆಗೆ ನಾಳೆಯ ದಾರಿ ಯಾವುದು, ಎಲ್ಲಿ ತಿರುಗಿ ಬರುವುದು ಎಂದು ಮನಸ್ಸಿನಲ್ಲಿ ಹೇಳಿಕೊಂಡು ಮಲಗಿ. ಉದಾಹರಣೆಗೆ "ಭಜನಾಮಂದಿರದವರೆಗೆ ಹೋಗಿ ವಾಪಸ್".

ಅಲಾರಂ ಹೊತ್ತು ವರ್ಷವಿಡೀ ಒಂದೇ ಇಡಬೇಡಿ. ನಮ್ಮಲ್ಲಿ ಜೂನ್ ಆರಂಭದಲ್ಲಿ ಸೂರ್ಯ ಹುಟ್ಟುವುದು 6 ಗಂಟೆಯ ಆಸುಪಾಸು, ಜನವರಿಯಲ್ಲಿ 7ಕ್ಕೆ ಸ್ವಲ್ಪ ಮೊದಲು. ಮೇ ತಿಂಗಳಲ್ಲಿ ಸಲೀಸಾಗಿದ್ದ ಐದೂವರೆ ಜನವರಿಯಲ್ಲಿ ಕಗ್ಗತ್ತಲೆ. ತಾನು ಸೋಮಾರಿಯಾದೆ ಎಂದು ಅಂದುಕೊಳ್ಳುವವರಲ್ಲಿ ಎಷ್ಟೋ ಮಂದಿಯನ್ನು ಹಿಡಿದು ನಿಲ್ಲಿಸಿದ್ದು ಬರೀ ಕತ್ತಲೆ.

ಹಂತ 5: ಮೊದಲ ಹತ್ತು ನಿಮಿಷ ದಾಟುವುದು

ಗೇಟು ದಾಟಿದ ಮೇಲೆ ಎರಡನೆಯ ಅಡ್ಡಿ. ಓಡಲು ಶುರುಮಾಡಿದ ಕೂಡಲೇ ಸ್ನಾಯುಗಳಿಗೆ ಆಮ್ಲಜನಕ ಬೇಕು, ಆದರೆ ಉಸಿರಾಟ ಮತ್ತು ಹೃದಯ ಆ ಬೇಡಿಕೆಯ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ಬೇಕಾಗುತ್ತದೆ. ಆ ಸಾಲದ ಅವಧಿಯಲ್ಲಿ ಕಾಲು ಭಾರ, ಉಸಿರು ಕಡಿಮೆ, "ನನ್ನಿಂದಾಗದು" ಎಂಬ ಅನಿಸಿಕೆ. ಪಳಗಿದ ಓಟಗಾರರಿಗೂ ಇದು ತಪ್ಪಿದ್ದಲ್ಲ. ಮೊದಲ ಮೂರು ನಿಮಿಷದ ಅನುಭವದಿಂದ ಇಡೀ ಓಟಕ್ಕೆ ತೀರ್ಪು ಕೊಡಬೇಡಿ.

ಪರಿಹಾರ ಸರಳ. ಮೊದಲ 5 ನಿಮಿಷ ಬಿರುಸಾಗಿ ನಡೆಯಿರಿ. ನಂತರ ಓಟ, ನಡಿಗೆ ಬೆರೆಸಿ:

1 ಮತ್ತು 2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 5 ಸಲ.
3 ಮತ್ತು 4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ.
5 ಮತ್ತು 6ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ, 5 ಸಲ.
7ನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ, 4 ಸಲ.
8ನೇ ವಾರ: 10 ನಿಮಿಷ ಓಟ, 1 ನಿಮಿಷ ನಡಿಗೆ, 2 ಸಲ.

ಕೊನೆಗೆ ಪ್ರತಿ ಸಲವೂ 3ರಿಂದ 5 ನಿಮಿಷ ನಡಿಗೆ. ಯಾವುದಾದರೂ ವಾರ ಭಾರವೆನಿಸಿದರೆ ಅದನ್ನೇ ಇನ್ನೊಮ್ಮೆ ಮಾಡಿ, ಪರೀಕ್ಷೆ ಯಾರೂ ಇಟ್ಟಿಲ್ಲ.

ವೇಗಕ್ಕೆ ಮಾತಿನ ಪರೀಕ್ಷೆ ಸಾಕು. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಧಾನಿಸಿ. ಮೊದಲ ವಾರವೇ ವೇಗವಾಗಿ ಓಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಪ್ರತಿ ಓಟವೂ ಯಾತನೆಯಾದರೆ ಮುಂದಿನ ಓಟಕ್ಕೆ ಮನಸ್ಸು ಹಿಂಜರಿಯುವುದು ನ್ಯಾಯವೇ ತಾನೆ?

ಕರಾವಳಿಯ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಬೆಂಗಳೂರಿನ ಸ್ನೇಹಿತರು ಆ್ಯಪಿನಲ್ಲಿ ಹಾಕುವ ವೇಗವನ್ನು ಏಪ್ರಿಲ್ ತಿಂಗಳ ಉಪ್ಪಳದಲ್ಲಿ ಹುಡುಕಿದರೆ ಬೇಸರವೇ ಗತಿ. ಸೆಕೆಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ವಾಚನ್ನು ಬಿಟ್ಟು ಉಸಿರನ್ನು ನಂಬಿ.

ದಾರಿಯ ಆಯ್ಕೆಯೂ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ. ನಮ್ಮ ಒಳದಾರಿಗಳು ಚಡವು, ಇಳಿಜಾರು, ಮತ್ತೆ ಚಡವು. ಮನೆಯಿಂದ ಹೊರಟ ಕೂಡಲೇ ಚಡವು ಇದ್ದರೆ ಅದನ್ನು ನಡೆದೇ ಹತ್ತಿ, ಓಟ ಮೇಲಿನಿಂದ ಶುರುಮಾಡಿ. ಪೊಸಡಿ ಗುಂಪೆಯಂಥ ಗುಡ್ಡ ಮೂರು ತಿಂಗಳು ಕಾಯಲಿ. ಬೇಕಲ, ಕಾಪಿಲ್, ಕಣ್ವತೀರ್ಥದ ಸಮುದ್ರತೀರ ಚಂದ, ಆದರೆ ಒಣ ಮರಳಿನಲ್ಲಿ ಕಾಲು ಹೂತು ಮೀನಖಂಡ ಬಿಗಿಯುತ್ತದೆ. ಇಳಿತದ ಹೊತ್ತು ನೀರಂಚಿನ ಗಟ್ಟಿ ಮರಳಿನಲ್ಲಿ ಓಡಿ. ಅದೂ ಓರೆಯಾಗಿರುವುದರಿಂದ ಹೋದಷ್ಟೇ ದೂರ ವಾಪಸ್ ಬನ್ನಿ, ಆಗ ಎರಡೂ ಕಾಲಿಗೆ ಸಮವಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಓಡುವ ಜಾಗವೇ ಅಲ್ಲ. ಊರಿನ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ. ಎಲ್ಲಕ್ಕಿಂತ ಒಳ್ಳೆಯದು ಶಾಲೆಯ ಮೈದಾನ.

ಹಂತ 6: ನಡುದಾರಿಯಲ್ಲಿ "ಸಾಕು" ಎಂಬ ಮಾತು

ಹತ್ತು ನಿಮಿಷದ ಒಪ್ಪಂದ ಮಾಡಿಕೊಳ್ಳಿ. ಹತ್ತು ನಿಮಿಷ ಆದ ಮೇಲೂ ಬೇಡವೆನಿಸಿದರೆ ವಾಪಸ್ ಬರಬಹುದು, ಕ್ಯಾಲೆಂಡರಿನಲ್ಲಿ ಅದು ಪೂರ್ತಿ ಓಟವೆಂದೇ ಲೆಕ್ಕ. ಈ ಒಪ್ಪಂದವನ್ನು ನೀವೇ ಮುರಿಯಬಾರದು. ಹತ್ತಾದ ಮೇಲೆ "ಇನ್ನು ಹತ್ತು" ಎಂದು ಒತ್ತಾಯಿಸಿದರೆ ಮರುದಿನ ಮನಸ್ಸು ನಿಮ್ಮ ಮಾತನ್ನು ನಂಬುವುದಿಲ್ಲ.

ಮುಂದುವರಿಯುವುದಾದರೆ ಒಟ್ಟು ದೂರವನ್ನು ನೆನೆಯದೆ ಮುಂದಿನ ಕರೆಂಟು ಕಂಬದವರೆಗೆ ಓಡಿ. ಅಲ್ಲಿಂದ ಅದರಾಚೆಯ ಕಂಬ.

ಸಂಜೆ ಓಡುವವರಿಗೆ ಒಂದು ವಿಷಯ ಗೊತ್ತಿರಲಿ. 2009ರಲ್ಲಿ ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಸಾಮುಯೆಲೆ ಮಾರ್ಕೋರಾ ಮತ್ತು ಜೊತೆಗಾರರು ಕೆಲವರಿಗೆ 90 ನಿಮಿಷ ತಲೆ ದಣಿಸುವ ಕಂಪ್ಯೂಟರ್ ಕೆಲಸ ಕೊಟ್ಟು, ಬಳಿಕ ಸೈಕಲ್ ತುಳಿಸಿ ನೋಡಿದರು. ಅವರು ಬೇಗ ಕೈಚೆಲ್ಲಿದರು. ಹೃದಯ, ಸ್ನಾಯುಗಳ ಅಳತೆಯಲ್ಲಿ ಅದಕ್ಕೆ ಕಾರಣ ಕಾಣಲಿಲ್ಲ. ಬದಲಾಗಿದ್ದದ್ದು ಶ್ರಮದ ಅನಿಸಿಕೆ ಮಾತ್ರ. ಆಫೀಸಿನಲ್ಲೋ ಬ್ಯಾಂಕಿನಲ್ಲೋ ಇಡೀ ದಿನ ಕುಳಿತು ಬಂದವರ ಕಾಲು ದಣಿದಿರುವುದಿಲ್ಲ, ಓಟ ಭಾರವೆಂದು ತೋರುತ್ತದೆ. ಅಂಥ ದಿನ ಓಡುವುದನ್ನು ಬಿಡುವ ಬದಲು ವೇಗವನ್ನು ಬಿಡಿ.

ಆದರೆ ನೋವನ್ನು ಉದಾಸೀನವೆಂದು ತಪ್ಪಾಗಿ ತಿಳಿಯಬೇಡಿ. ಗುರುತು ಹೀಗೆ: ಉದಾಸೀನ ಓಡುತ್ತಾ ಓಡುತ್ತಾ ಕರಗುತ್ತದೆ, ಗಾಯದ ನೋವು ಓಡಿದಷ್ಟೂ ಹೆಚ್ಚುತ್ತದೆ. ಎರಡೂ ತೊಡೆ ಸಮನಾಗಿ ಬಿಗಿದರೆ ಚಿಂತೆಯಿಲ್ಲ. ಒಂದೇ ಬದಿಯಲ್ಲಿ ನೋವು, ನಡಿಗೆ ಕುಂಟುವಂತಾದರೆ, ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದರೆ ಜೀವ ಹೋದಂತಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎದೆ ಬಿಗಿತ, ತಲೆಸುತ್ತು, ಸೆಕೆಯಲ್ಲಿ ಮೈ ನಡುಕ ಬಂದರೆ ಅಲ್ಲೇ ನಿಂತು ಸಹಾಯಕ್ಕೆ ಕರೆಯಿರಿ.

ಹಂತ 7: "ಓಡೆಗ್?" ಎಂದು ಕೇಳುವವರು

ಹಳ್ಳಿಯಲ್ಲಿ ದೊಡ್ಡವರೊಬ್ಬರು ಓಡುತ್ತಿದ್ದಾರೆ ಎಂದರೆ ಒಂದೋ ಬಸ್ಸು ಹೋಗುತ್ತಿದೆ, ಇಲ್ಲವೇ ದನ ತಪ್ಪಿಸಿಕೊಂಡಿದೆ. ತುಳುವಿನಲ್ಲಿ "ಓಡೆಗ್?", ಮಲಯಾಳದಲ್ಲಿ "ಎಂಙೋಟ್ಟಾ?", ಕನ್ನಡದಲ್ಲಿ "ಎಲ್ಲಿಗೆ, ಏನಾಯಿತು?" ಮೂರೂ ಒಂದೇ ಕಿಲೋಮೀಟರಿನಲ್ಲಿ ಸಿಗಬಹುದು. ಈ ಸಂಕೋಚಕ್ಕೇ ಓಟ ಬಿಟ್ಟವರು, ಅದರಲ್ಲೂ ಹೆಂಗಸರು, ಕಡಿಮೆಯಿಲ್ಲ.

ಒಂದೇ ಉತ್ತರ ಸಿದ್ಧ ಇಟ್ಟುಕೊಳ್ಳಿ: "ಡಾಕ್ಟರು ಹೇಳಿದ್ದಾರೆ." ಮುಂದಿನ ಪ್ರಶ್ನೆ ಬರುವುದು ಅಪರೂಪ. ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಕಾಣಿಸಿಕೊಂಡರೆ ಎರಡು ವಾರದೊಳಗೆ ಊರಿಗೆ ಕುತೂಹಲ ತೀರುತ್ತದೆ. ಹೆಂಗಸರಿಗೆ ಚೂಡಿದಾರಿನಲ್ಲಿ ಓಡುವುದೇ ಸಲೀಸೆನಿಸಿದರೆ ಹಾಗೆಯೇ ಓಡಿ, ಶಾಲು ಮಾತ್ರ ಮನೆಯಲ್ಲಿರಲಿ ಅಥವಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಜೊತೆಗೆ ಇನ್ನೊಬ್ಬರು ಇದ್ದರೆ ಎರಡು ಲಾಭ: ಧೈರ್ಯ ಒಂದು, ಅವರು ಗೇಟಿನ ಹತ್ತಿರ ಕಾಯುತ್ತಿದ್ದಾರೆಂಬ ಮುಲಾಜು ಇನ್ನೊಂದು. ಮುಲಾಜಿಗೆ ಬಸಿರಾಗುವ ಜನ ನಾವು, ಓಟಕ್ಕೂ ಅದನ್ನು ಬಳಸಿಕೊಳ್ಳೋಣ.

ಬೀದಿನಾಯಿ ಎದುರಾದರೆ ಓಟ ನಿಲ್ಲಿಸಿ ನಡೆಯಿರಿ, ಬೆನ್ನು ತಿರುಗಿಸಬೇಡಿ. ಕಚ್ಚಿದರೆ, ಪರಚಿದರೂ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಿ.

ಹಂತ 8: ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಓಟಗಾರರ ಶ್ಮಶಾನ. ನಾಲ್ಕು ತಿಂಗಳು ಬಿಟ್ಟವರು ಅಕ್ಟೋಬರಿನಲ್ಲಿ ಮತ್ತೆ ಒಂದನೇ ಕ್ಲಾಸು.

ಬರೀ ಮಳೆಯಲ್ಲಿ ಓಡಬಹುದು. ಗುಡುಗು ಸಿಡಿಲು, ಮರ ಬೀಳುವಂಥ ಗಾಳಿ ಇದ್ದಾಗ ಮಾತ್ರ ಬೇಡ. ಮುಂಚಾಚು ಇರುವ ಟೋಪಿ ಕಣ್ಣಿಗೆ ನೀರು ಬೀಳದಂತೆ ತಡೆಯುತ್ತದೆ. ಒದ್ದೆ ಬಟ್ಟೆ ಉಜ್ಜುವ ತೊಡೆ, ಕಂಕುಳಿಗೆ ಹೊರಡುವ ಮೊದಲು ತೆಂಗಿನೆಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಿ. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ, ಕಾಂಕ್ರೀಟು ಅಂಗಳದಲ್ಲಿ ನಡೆಯಿರಿ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಲೇಬೇಡಿ, ಇಲಿಜ್ವರ ಹರಡುವುದು ಹಾಗೆ.

ಮನೆಗೆ ಬಂದ ಕೂಡಲೇ ಶೂವಿನ ಒಳಹಾಸು ಹೊರತೆಗೆದು, ಒಳಗೆ ಹಳೆಯ ಪೇಪರ್ ತುರುಕಿ, ಅರ್ಧ ಗಂಟೆಗೆ ಪೇಪರ್ ಬದಲಾಯಿಸಿ, ಫ್ಯಾನಿನ ಕೆಳಗಿಡಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಹಂತ 1ರ ಪಟ್ಟಿಯಲ್ಲಿ "ಶೂ ಒದ್ದೆ" ಎಂದು ಬರೆದವರಿಗೆ ಹಳೆಯದೊಂದು ಜೊತೆ ಶೂವನ್ನು ಮಳೆಗಾಲಕ್ಕೆಂದೇ ಇಟ್ಟುಕೊಳ್ಳುವುದು ಅಗ್ಗದ ಉಪಾಯ.

ಹಂತ 9: ಗುರುತು ಹಾಕುವುದು, ತಪ್ಪಿದರೆ ಹಿಂತಿರುಗುವುದು

ಹೋದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗೀಟು. ಮೊದಲ ಎಂಟು ವಾರ ಕಿಲೋಮೀಟರ್ ಬರೆಯಬೇಡಿ. ಬರೆದರೆ ನಿನ್ನೆಯ ಅಂಕಿಯೊಡನೆ ಪೈಪೋಟಿ ಶುರುವಾಗುತ್ತದೆ.

ಅಭ್ಯಾಸ 21 ದಿನದಲ್ಲಿ ಆಗುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವಂತಾಗಲು 18ರಿಂದ 254 ದಿನದವರೆಗೆ ಬೇಕೆಂದು ಲೆಕ್ಕ ಸಿಕ್ಕಿತು. ಮಧ್ಯದ ಅಂಕಿ 66 ದಿನ. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂದೂ ಅಲ್ಲಿ ಕಂಡುಬಂತು. ಹಾಗಾಗಿ ಒಂದು ಓಟ ತಪ್ಪಿದರೆ ಬೇಸರಿಸಬೇಡಿ, ಸತತ ಎರಡನೆಯದನ್ನು ಮಾತ್ರ ತಪ್ಪಿಸಬೇಡಿ. ತಪ್ಪಿದ್ದನ್ನು ಮರುದಿನ ಎರಡರಷ್ಟು ಓಡಿ ತೀರಿಸುವ ಸಾಹಸ ಬೇಡ, ಕಾಲು ನೋವಿಗೆ ಅದು ನೇರ ದಾರಿ.

ದೊಡ್ಡ ಬಿಡುವಾದರೆ: ಒಂದು ವಾರದವರೆಗೆ ತಪ್ಪಿದ್ದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ. ಎರಡು ಮೂರು ವಾರವಾದರೆ ಪಟ್ಟಿಯಲ್ಲಿ ಎರಡು ವಾರ ಹಿಂದೆ ಹೋಗಿ. ಒಂದು ತಿಂಗಳು ಮೀರಿದರೆ 1ನೇ ವಾರದಿಂದ. ಜ್ವರ ಬಂದಿದ್ದರೆ ಪೂರ್ತಿ ಬಿಟ್ಟ ಮೇಲೂ ಎರಡು ಮೂರು ದಿನ ನಡಿಗೆ ಮಾತ್ರ. ಡೆಂಗಿ, ಇಲಿಜ್ವರ ಆಗಿದ್ದರೆ ವೈದ್ಯರು ಹೇಳುವವರೆಗೆ ಓಟ ಬೇಡ.

ಬಿಡುವಿನ ನಂತರ ಶೂ ಹೊರತೆಗೆದಾಗ ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ದಿನ ಗಾಳಿಗೆ ಇಡಿ. ಆಮೇಲೆ ಮುಂಭಾಗವನ್ನು ಬಗ್ಗಿಸಿ ಅಟ್ಟೆಯ ಅಂಟು ನೋಡಿ. ಬಾಯಿ ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರಲ್ಲಿ ಸುತ್ತಲೂ ಹೊಲಿಗೆ ಹಾಕಿಸಬಹುದು. ಅದು ತಯಾರಾಗಿ ಬರುವವರೆಗಿನ ದಿನಗಳಲ್ಲಿ ಚಪ್ಪಲಿ ಹಾಕಿಕೊಂಡೇ ಹತ್ತು ನಿಮಿಷ ನಡೆದು ಬನ್ನಿ, ಕ್ಯಾಲೆಂಡರಿನ ಗೀಟು ಅದಕ್ಕೂ ಉಂಟು.